ಮೇಲಿನ ದವಡೆಯ ಕಂಬಿ

ಆ ಸದ್ದು ಮತ್ತೆ ಕೇಳಿಸಿತು. ಬ್ರೆಡ್ಡಿನ ಗಟ್ಟಿ ಅಂಚನ್ನು ಕಚ್ಚಿದ ಅತ್ತಿಗೆಯ ಬಾಯೊಳಗಿಂದ, ಎಡಗಡೆ, ಸಾಕಷ್ಟು ಹಿಂದಿನಿಂದ, ತಗಡಿಗೆ ಉಗುರು ತಾಗಿದಷ್ಟು ಸಣ್ಣಗೆ, ಟಿಕ್ ಎಂದು. ಟೀ ಲೋಟವನ್ನು ತುಟಿಗಿಟ್ಟುಕೊಂಡಿದ್ದವನು ಅದನ್ನು ಅಲ್ಲೇ ಹಿಡಿದುಕೊಂಡ. ಅಣ್ಣ ಪೇಪರಿನ ಹಿಂದೆ ಕೂತಿದ್ದ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಎಂಜಿನ್ನುಗಳ ಗದ್ದಲದ ನಡುವೆ ಹೊರಡುವ ವೇಳೆ ಕೂಗಿ ಕೂಗಿ ಅಣ್ಣನಿಗೆ ಮನೆಯೊಳಗಿನ ಮಾತೇ ಅರ್ಧ ಕೇಳಿಸುತ್ತಿತ್ತು. ಇನ್ನು ಈ ಸದ್ದು ಯಾವ ಲೆಕ್ಕ. ಆದರೆ ಇಪ್ಪತ್ತೈದು ವರ್ಷದಿಂದ ಇನ್ನೊಬ್ಬರ ಬಾಯಿಗೆ ಹಲ್ಲು ಮಾಡಿಕೊಡುತ್ತ ಬಂದವನ ಕಿವಿ ಬೇರೆ. ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಿಗೆ ತಾಗಿದರೆ ಒಂದು ಸದ್ದು, ಪ್ಲಾಸ್ಟಿಕ್ಕು ಲೋಹಕ್ಕೆ ತಾಗಿದರೆ ಇನ್ನೊಂದು. ಇದು ಎರಡೂ ಅಲ್ಲ. ಅಲುಗಾಡಬಾರದ್ದು ಏನೋ ಅಲುಗಾಡಿ, ಮತ್ತೆ ತನ್ನ ಜಾಗಕ್ಕೆ ಬಂದು ಕೂತ ಸದ್ದು. ಮೂರು ವಾರದ ಹಿಂದೆ ಮೊದಲ ಸಲ ಕೇಳಿದಾಗ ಪಿಂಗಾಣಿಗೆ ಚಮಚ ತಾಗಿರಬೇಕು ಅಂದುಕೊಂಡಿದ್ದ. ಹಾಗೆ ಅಂದುಕೊಳ್ಳುವುದಕ್ಕೆ ಎಷ್ಟು ಕಷ್ಟಪಟ್ಟಿದ್ದ ಎಂಬುದು ಈಗ ಅವನಿಗೇ ನೆನಪಾಗಿ ನಾಚಿಕೆಯಾಯಿತು.

ಅತ್ತಿಗೆಯೂ ಅಗಿಯುವುದನ್ನು ನಿಲ್ಲಿಸಿದ್ದಳು. ನಾಲಿಗೆ ಎಡಗೆನ್ನೆಯ ಒಳಗೆ ಹುಡುಕುತ್ತ ಹೋಗಿ ಕೆನ್ನೆ ಸ್ವಲ್ಪ ಉಬ್ಬಿತು. ಅವನು ನೋಡುತ್ತಿದ್ದಾನೆಂದು ಗೊತ್ತಾದ ಕೂಡಲೇ ಉಬ್ಬು ಮಾಯವಾಯಿತು.

"ಏನೋ ಹಲ್ಲಪ್ಪ, ಯಾಕೆ ಹಾಗೆ ನೋಡ್ತೀಯ? ಬಾಯಲ್ಲಿ ಬಂಗಾರ ಏನಾದ್ರೂ ಕಾಣಿಸ್ತಾ?"

"ಇಲ್ಲ ಅತ್ತಿಗೆ. ಇವತ್ತು ಸ್ಕೂಲ್ ಬಿಟ್ಟ ಮೇಲೆ ಕ್ಲಿನಿಕ್ಕಿಗೆ ಬರ್ತೀರಲ್ಲ? ಮೂರೂವರೆಗೆ ಬರೆಸಿದೀನಿ."

"ಬರ್ತೀನಿ ಮಾರಾಯ. ಬಂದು ಬೈಸಿಕೊಂಡು ಹೋಗ್ತೀನಿ."

ಪೇಪರಿನ ಹಿಂದಿನಿಂದ ಅಣ್ಣ, "ಯಾರಿಗೆ ಬೈತಾರೆ?" ಅಂದ. ಅತ್ತಿಗೆ ಉಳಿದ ಬ್ರೆಡ್ಡನ್ನು ಟೀಯಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ಬಲಗಡೆಯಿಂದ ನುಂಗಿ ಎದ್ದುಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು, ಅದರ ಕೆಳಗೆ ಬ್ರಶ್ಶಿನ ಸರ್ ಸರ್ ಸದ್ದು. ಹತ್ತು ನಿಮಿಷ. ಅವನು ಗೋಡೆ ಗಡಿಯಾರ ನೋಡಿದ, ಹನ್ನೆರಡು ನಿಮಿಷವಾಯಿತು. ಇತ್ತೀಚೆಗೆ ಪ್ರತಿ ಊಟದ ನಂತರವೂ ಹೀಗೇ. ಕೆಂಪು ಪೆನ್ನಿನವರ ಕೈಗೆ ಉತ್ತರ ಪತ್ರಿಕೆ ಕೊಡುವ ಮುಂಚೆ ತಿದ್ದಿ ತಿದ್ದಿ ಕಾಗದವನ್ನೇ ತೂತು ಮಾಡುವ ಮಕ್ಕಳಿರುತ್ತಾರಲ್ಲ, ಹಾಗೆ. ಎಂಟನೇ ತರಗತಿಗೆ ಗಣಿತ ಕಲಿಸುವ ಅತ್ತಿಗೆ ಅಂಥ ಮಕ್ಕಳ ಬಗ್ಗೆ ತಾನೇ ಹೇಳಿ ನಗುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಅವನು ಹೊರಗೆ ನೋಡಲಿಲ್ಲ. ಎದುರು ಸೀಟಿನ ಮುದುಕ ಆಕಳಿಸಿದ. ಮೇಲಿನ ಹಲ್ಲಿನ ಸೆಟ್ಟು ಸರಕ್ಕನೆ ಕೆಳಗಿಳಿದು ನಾಲಿಗೆಯ ಮೇಲೆ ಕೂತು ಮತ್ತೆ ಮೇಲೆ ಹೋಯಿತು. ಇಷ್ಟೇ. ಮುದುಕನಿಗೆ ಅದರ ಪರಿವೆಯೇ ಇರಲಿಲ್ಲ. ಎರಡು ವರ್ಷದ ಹಿಂದೆ ಅತ್ತಿಗೆಗೆ ಆಗಿದ್ದೂ ಇಷ್ಟೇ, ಆದರೆ ನಲವತ್ತು ಮಕ್ಕಳೆದುರು. ವಸಡು ಕೆಟ್ಟು ಮೇಲಿನ ಹಲ್ಲುಗಳೆಲ್ಲ ಒಂದೊಂದಾಗಿ ಹೋದ ಮೇಲೆ ಅವನೇ ಮಾಡಿಕೊಟ್ಟ ಮೊದಲ ಸೆಟ್ಟು ಅದು. ಅಂಗುಳನ್ನು ಪೂರ್ತಿ ಮುಚ್ಚಿದರೆ ಅತ್ತಿಗೆಗೆ ಓಕರಿಕೆ ಬರುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ತೊಟ್ಟಿಯ ಮೇಲೆ ಬಗ್ಗಿಬಿಡುತ್ತಿದ್ದಳು. ಕ್ಲಿನಿಕ್ಕಿನ ಡಾಕ್ಟರು ಸೆಟ್ಟಿನ ಹಿಂಭಾಗವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬಂದರು. ಓಕರಿಕೆ ಹೋಯಿತು, ಹಿಡಿತವೂ ಹೋಯಿತು. ಸಮಾನಾಂತರ ರೇಖೆಗಳು ಎಂದು ಬಾಯಿ ತುಂಬ ಹೇಳುತ್ತಿದ್ದಾಗ ಸೆಟ್ಟು ಹಾರಿ ಹಾಜರಿ ಪುಸ್ತಕದ ಮೇಲೆ ಬಿತ್ತು. ಆಮೇಲೆ ಹಿಂದಿನ ಬೆಂಚಿನಿಂದ ಶುರುವಾದ ನಗು ಗೋಡೆಗಳನ್ನೆಲ್ಲ ತುಂಬಿಕೊಂಡಿತು. ಅತ್ತಿಗೆ ಅದನ್ನೆತ್ತಿ ಕರವಸ್ತ್ರದಲ್ಲಿ ಸುತ್ತಿ, ಕ್ಲಾಸಿಗೆ ಬೆನ್ನು ಹಾಕಿ, ಗಂಟೆ ಹೊಡೆಯುವವರೆಗೆ ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತ ನಿಂತಳಂತೆ. ಅಲ್ಲಿಂದ ಮನೆಗೆ ಹೋಗದೆ ನೇರವಾಗಿ ಅವನ ಲ್ಯಾಬಿಗೆ ಬಂದಿದ್ದಳು. ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ. ಕರವಸ್ತ್ರವನ್ನು ಮೇಜಿನ ಮೇಲಿಟ್ಟು, "ಇದನ್ನ ಮೊಳೆ ಹೊಡೆದು ಕೂರಿಸೋಕೆ ಆಗುತ್ತೇನೋ?" ಎಂದು ಕೇಳಿದ್ದಳು. ನಗಿಸುವುದಕ್ಕೇ ಕೇಳಿದ್ದಳು. ಅವನು ನಗಲಿಲ್ಲ, ಆಗುತ್ತೆ ಅತ್ತಿಗೆ ಅಂದಿದ್ದ.

ಆ ವಾರ ಊಟದ ಮೇಜಿನ ಮೇಲೆ ಅವನು ಒಂದು ಹೊಸ ಸೋಪಿಗೆ ನಾಲ್ಕು ಬೆಂಕಿಕಡ್ಡಿ ಚುಚ್ಚಿ ತೋರಿಸಿದ. ಕೆಳಗಿನ ದವಡೆಯ ಮೂಳೆ ಗಟ್ಟಿ ಮರ ಇದ್ದ ಹಾಗೆ, ಮೇಲಿನದು ಈ ಸೋಪಿನ ಹಾಗೆ. ಮೂಳೆಗೆ ಲೋಹದ ನಾಲ್ಕು ಮೊಳೆ ಕೂರಿಸುತ್ತಾರೆ, ಅದಕ್ಕೆ ಇಂಪ್ಲಾಂಟ್ ಅನ್ನುತ್ತಾರೆ. ಸೆಟ್ಟನ್ನು ಅವುಗಳಿಗೆ ಹೇಗೆ ಕಚ್ಚಿಸಬೇಕು ಅನ್ನುವುದೇ ಪ್ರಶ್ನೆ. ಒಂದೊಂದು ಮೊಳೆಯ ತಲೆಗೂ ಒಂದೊಂದು ಗುಂಡಿ ಹಾಕಬಹುದು, ಅಂಗಿಯ ಟಿಚ್ ಬಟನ್ನಿನ ಹಾಗೆ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಅಯಸ್ಕಾಂತವೂ ಇದೆ. ("ಬೇಡಪ್ಪ, ಬಾಯಿ ತೆಗೆದ್ರೆ ಚಮಚ ಎಲ್ಲ ಬಂದು ಅಂಟಿಕೊಳ್ಳುತ್ತೆ," ಅಂದಿದ್ದಳು ಅತ್ತಿಗೆ.) ಇಲ್ಲವೆಂದರೆ ಕಂಬಿ: ನಾಲ್ಕು ಮೊಳೆಗೂ ಸ್ಕ್ರೂ ಹಾಕಿ ಬಿಗಿದು, ಸೆಟ್ಟನ್ನು ಅದರ ಮೇಲೆ ಕಚ್ಚಿಸುವುದು. ನಾಲ್ಕು ಕಡ್ಡಿಗಳ ತಲೆಯ ಮೇಲೆ ಅವನೊಂದು ಬಾಗಿಸಿದ ತಂತಿ ಇಟ್ಟು ಮೇಣದಿಂದ ಅಂಟಿಸಿದ. "ಈಗ ಒಂದನ್ನ ಅಲ್ಲಾಡಿಸಿ ನೋಡಿ." ಅತ್ತಿಗೆ ಬೆರಳಿಂದ ಒಂದು ಕಡ್ಡಿಯನ್ನು ತಳ್ಳಿದಳು, ಅಲುಗಲಿಲ್ಲ. "ನಾಲ್ಕೂ ಒಂದಕ್ಕೊಂದು ಕೈ ಹಿಡ್ಕೊಂಡಿರ್ತವೆ. ಒಂದರ ಭಾರ ಇನ್ನೊಂದು ಹೊರುತ್ತೆ." ಅತ್ತಿಗೆ ಸೋಪನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ತನ್ನ ಮಕ್ಕಳಿಗೆ ಕೇಳುವ ಹಾಗೆಯೇ ಕೇಳಿದಳು. "ಇವುಗಳಲ್ಲಿ ಬೀಳದೇ ಇರೋದು ಯಾವುದು? ಅದೊಂದು ಹೇಳು ಸಾಕು."

"ಕಂಬಿ," ಅಂದಿದ್ದ.

ಡಾಕ್ಟರಿಗೆ ಅದು ಇಷ್ಟವಿರಲಿಲ್ಲ. ಗುಂಡಿ ಸುಲಭ, ಅಂದಿದ್ದರು. ಒಂದು ಕೆಟ್ಟರೆ ಒಂದೇ ಕೆಡುತ್ತೆ, ಒಳಗಿನ ನೈಲಾನ್ ಉಂಗುರ ಸವೆದರೆ ಹೊಸದು ಹಾಕಿದರಾಯಿತು, ತೊಳೆಯೋದೂ ಹಗುರ. ಅವನು ವಾದ ಮಾಡಿದ್ದ. ಮೊಳೆಗಳು ಒಂದೊಂದು ಒಂದೊಂದು ಕಡೆ ವಾಲಿವೆ ಸರ್, ಗುಂಡಿ ಹಾಕಿದರೆ ಉಂಗುರ ಬೇಗ ಬೇಗ ಹರಿಯುತ್ತೆ, ಅಂಗುಳು ಬಿಟ್ಟು ಮಾಡೋ ಸೆಟ್ಟಿಗೆ ಕಂಬಿಯೇ ಸರಿ. ಎಲ್ಲ ನಿಜವೇ. ಆದರೆ ಬಸ್ಸಿನ ಸರಳು ಹಿಡಿದು ಕೂತವನಿಗೆ ಆ ನಿಜಗಳ ಬೆನ್ನಿಗೆ ಅಡಗಿಕೊಂಡಿದ್ದ ಇನ್ನೊಂದು ಕಾಣುತ್ತಿತ್ತು. ಗುಂಡಿಗಳು ಕಂಪನಿಯಿಂದ ಪೊಟ್ಟಣದಲ್ಲಿ ಬರುತ್ತವೆ. ಯಾರು ಬೇಕಾದರೂ ಹಾಕಬಹುದು. ಕಂಬಿಯನ್ನು ಮಾತ್ರ ಅವನ ಕೈ ಮಾಡಬೇಕು; ಮೇಣದಲ್ಲಿ ಕೊರೆದು, ಅಚ್ಚು ಹಾಕಿ, ಲೋಹ ಸುರಿದು, ಉಜ್ಜಿ. ಅತ್ತಿಗೆಯ ಬಾಯೊಳಗೆ, ಯಾರ ಕಣ್ಣಿಗೂ ಬೀಳದ ಕಡೆ, ತನ್ನ ಕೈಯ ಕೆಲಸ ಒಂದು ಸದಾ ಇರುತ್ತದೆ ಎಂದು ಅವನು ಅಂದುಕೊಂಡಿದ್ದನೆ? ಅಂದುಕೊಂಡಿದ್ದ. ಆ ಯೋಚನೆಗೆ ಯಾವ ಹೆಸರು ಎಂದು ಹುಡುಕುವ ಮುಂಚೆ ಸ್ಟಾಪು ಬಂತು.

ಲ್ಯಾಬು ಕ್ಲಿನಿಕ್ಕಿನ ಹಿಂಭಾಗದ ಉದ್ದನೆಯ ಕೋಣೆ. ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಪೈಪುಗಳ ಕಡೆಗೆ. ಗೋಡೆಯ ಕಪಾಟಿನಲ್ಲಿ ಪ್ಲಾಸ್ಟರಿನ ದವಡೆಗಳು, ಸಾಲು ಸಾಲಾಗಿ, ಎಲ್ಲವೂ ಏನೋ ಹೇಳಲು ಹೋಗಿ ತಡೆದುಕೊಂಡ ಹಾಗೆ ಅರ್ಧ ತೆರೆದುಕೊಂಡು. ಬೆಳಗಿನ ಕೆಲಸ ಯಾರದೋ ಕೆಳಗಿನ ಸೆಟ್ಟಿಗೆ ಹಲ್ಲು ಜೋಡಿಸುವುದು. ಮೇಣ ಕಾಯಿಸಿ ಒಂದು ಹಲ್ಲು ಇಟ್ಟ, ತೆಗೆದ, ಇಟ್ಟ. ಕೈ ನಡುಗುತ್ತಿರಲಿಲ್ಲ. ಕೈ ಎಂದೂ ನಡುಗಿದ್ದಿಲ್ಲ. ಅದೇ ಅವನಿಗೆ ಈಗ ಹೆದರಿಕೆ ಹುಟ್ಟಿಸುತ್ತಿದ್ದದ್ದು. ಅಪ್ಪ ಅಮ್ಮ ಹೋದ ಮೇಲೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಟ್ರಂಕು ಹೊತ್ತು ಅಣ್ಣನ ಮನೆಗೆ ಬಂದಾಗ, ಎರಡು ಸಲ ಗಣಿತದಲ್ಲಿ ನಪಾಸಾದವನನ್ನು ಎದುರಿಗೆ ಕೂರಿಸಿಕೊಂಡು ಅತ್ತಿಗೆ ಭಿನ್ನರಾಶಿ ಹೇಳಿಕೊಟ್ಟಿದ್ದಳು. ಲೆಕ್ಕ ತಲೆಗೆ ಹೋಗದೆ ಅವನು ಸೀಮೆಸುಣ್ಣದ ತುಂಡನ್ನು ಬ್ಲೇಡಿನಿಂದ ಕೆತ್ತುತ್ತ ಕೂತಿರುವುದನ್ನು ನೋಡಿ ಬೈಯುವುದಕ್ಕೆ ಬಾಯಿ ತೆಗೆದವಳು, ಅವನು ಕೆತ್ತಿದ್ದ ಹೆಬ್ಬೆರಳಿನಷ್ಟು ಕುರ್ಚಿಯನ್ನು ಅಂಗೈಯಲ್ಲಿಟ್ಟುಕೊಂಡು, "ಇವನ ಕೈಯಲ್ಲಿ ಬುದ್ಧಿ ಇದೆ ಕಣ್ರೀ," ಎಂದು ಅಣ್ಣನನ್ನು ಕೂಗಿದ್ದಳು. ಹಲ್ಲಿನ ಕೆಲಸದ ಕೋರ್ಸಿಗೆ ಸೇರಿಸಿದ್ದೂ ಅವಳೇ. ಇಪ್ಪತ್ತೆಂಟು ವರ್ಷದಿಂದ ಅವಳ ಕೈಯಡುಗೆ ಉಂಡಿದ್ದಾನೆ. ಕೈಯಲ್ಲಿ ಬುದ್ಧಿ ಇದೆ. ಹಾಗಿದ್ದರೆ ತಲೆಗೆ ತಿಳಿಸದೆ ಕೈ ತಾನಾಗಿಯೇ ಏನಾದರೂ ಮಾಡಬಲ್ಲುದೆ?

ಅದು ಹದಿನಾಲ್ಕು ತಿಂಗಳ ಹಿಂದೆ, ಒಂದು ಸೋಮವಾರ. ಕಂಬಿ ಉಜ್ಜಿ ಮುಗಿದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊನೆಯ ಪರೀಕ್ಷೆ ಒಂದೇ ಬಾಕಿ: ಅತ್ತಿಗೆಯ ದವಡೆಯ ಪ್ಲಾಸ್ಟರ್ ಅಚ್ಚಿನ ಮೇಲೆ ಕಂಬಿ ಇಟ್ಟು ಬಲತುದಿಯ ಒಂದು ಸ್ಕ್ರೂ ಮಾತ್ರ ಬಿಗಿಯಬೇಕು. ಸರಿಯಾಗಿ ಕೂತ ಕಂಬಿ ಎಡತುದಿಯಲ್ಲೂ ಹಾಗೇ ಕೂತಿರುತ್ತದೆ. ಇಲ್ಲವೆಂದರೆ ಆ ತುದಿ ಏಳುತ್ತದೆ. ಎದ್ದಿತು. ಭೂತಗನ್ನಡಿಯಲ್ಲಿ ಒಂದು ತೆಳು ಕಾಗದ ತೂರುವಷ್ಟು ಕಪ್ಪು ಗೆರೆ. ಬರಿಗಣ್ಣಿಗೆ ಏನೂ ಇಲ್ಲ. ನಾಲ್ಕೂ ಸ್ಕ್ರೂ ಬಿಗಿದರೆ ಗೆರೆ ಮುಚ್ಚಿಹೋಗುತ್ತದೆ; ಆದರೆ ಮುಚ್ಚುವುದು ಕಂಬಿ ಬಗ್ಗಿ ಅಲ್ಲ, ಮೊಳೆಯನ್ನು ಎಳೆದು. ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಕಂಬಿಯನ್ನು ಮಧ್ಯಕ್ಕೆ ಕತ್ತರಿಸಿ ಮತ್ತೆ ಬೆಸೆಯಬೇಕು, ಎರಡು ದಿನದ ಕೆಲಸ. ಡಾಕ್ಟರು ಮರುದಿನ ಯಾವುದೋ ಸಮ್ಮೇಳನಕ್ಕೆ ಹೊರಟಿದ್ದರು, ಅವತ್ತೇ ಸಂಜೆ ಕೂರಿಸಬೇಕು ಅಂದಿದ್ದರು. ಅದೊಂದು ಕಾರಣ. ಅವನು ಅದನ್ನೇ ಹದಿನಾಲ್ಕು ತಿಂಗಳು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಆದರೆ ಆ ಸೋಮವಾರದ ಹಿಂದೆ ಒಂದು ಭಾನುವಾರವಿತ್ತು. ಅಣ್ಣನ ಡಿಪೋದ ಸ್ನೇಹಿತರು ಹೆಂಡಂದಿರನ್ನು ಕರೆದುಕೊಂಡು ಬಂದಿದ್ದರು. ಯಾರೋ ಅವನ ಕಡೆ ನೋಡಿ, ಇವರಿಗೆ ಯಾಕೆ ಇನ್ನೂ ಮದುವೆ ಮಾಡಲಿಲ್ಲ ಎಂದು ಕೇಳಿದರು. ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು (ಆಗ ಮೇಲೆ ಹಲ್ಲಿರಲಿಲ್ಲ), "ಅಯ್ಯೋ, ಹೆಣ್ಣು ತೋರ್ಸಿದ್ರೆ ಇವನು ಮುಖ ಎಲ್ಲಿ ನೋಡ್ತಾನೆ? ಹಲ್ಲು ಎಣಿಸ್ತಾನೆ, ಕುದುರೆ ವ್ಯಾಪಾರಕ್ಕೆ ಬಂದವನ ಹಾಗೆ! ಕೊನೆಗೆ ನನ್ನಂಥ ಬೊಚ್ಚುಬಾಯಿಯೇ ಗತಿ ಇವನಿಗೆ," ಅಂದಳು. ಎಲ್ಲರೂ ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ಅವನೂ ನಕ್ಕ. ನಗುತ್ತ ಒಳಗೆ ಹೋಗಿ ತಟ್ಟೆಗಳನ್ನು ತೊಳೆದ. ತಮಾಷೆ ಅದು, ತಾಯಿಯಂಥವಳು ಆಡಿದ ಮಾತು, ಅವಳು ಅದನ್ನು ಆಗಲೇ ಮರೆತಿದ್ದಳು. ಮರುದಿನ ಭೂತಗನ್ನಡಿಯ ಕೆಳಗೆ ಆ ಕಪ್ಪು ಗೆರೆ ನೋಡುತ್ತಿದ್ದಾಗ ಅವನ ಕಿವಿಯಲ್ಲಿ ಆ ನಗು ಇತ್ತೆ? ನೆನಪು ಮಾಡಿಕೊಳ್ಳಲು ಹೋದರೆ ಒಂದು ದಿನ ಇತ್ತು ಅನಿಸುತ್ತಿತ್ತು, ಇನ್ನೊಂದು ದಿನ ಇಲ್ಲ ಅನಿಸುತ್ತಿತ್ತು. ಗೊತ್ತಿದ್ದದ್ದು ಇಷ್ಟು. ಅವನು ಸ್ಕ್ರೂ ಬಿಚ್ಚಿದ, ಕಂಬಿಯನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದ, ಚೀಟಿಯಲ್ಲಿ 'ಸರಿ ಇದೆ' ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದು ಡಾಕ್ಟರ ಮೇಜಿಗೆ ಕಳಿಸಿದ.

ಮೂರೂವರೆಗೆ ಡಾಕ್ಟರು ಕರೆದರು. ಕುರ್ಚಿಯಲ್ಲಿ ಅತ್ತಿಗೆ ಕಾಲು ಜೋಡಿಸಿಕೊಂಡು, ಹ್ಯಾಂಡ್‌ಬ್ಯಾಗನ್ನು ಹೊಟ್ಟೆಯ ಮೇಲಿಟ್ಟುಕೊಂಡು ಒರಗಿದ್ದಳು. ಸೆಟ್ಟು ಆಗಲೇ ಟ್ರೇಯಲ್ಲಿತ್ತು. ಅದಿಲ್ಲದ ಮುಖಕ್ಕೆ ಹತ್ತು ವರ್ಷ ಹೆಚ್ಚಾಗಿತ್ತು. ಮೇಲ್ದುಟಿ ಒಳಗೆ ಸರಿದು ಮೂಗು ಮುಂದೆ ಬಂದಿತ್ತು. ಡಾಕ್ಟರು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದರು. ಎಡತುದಿಯ ಸ್ಕ್ರೂ ಬಿಡುತ್ತಿದ್ದ ಹಾಗೆ ಕಂಬಿಯ ಆ ಕೊನೆ ತಾನಾಗಿ ಮೊಳೆಯಿಂದ ಬಿಟ್ಟುಕೊಂಡಿತು. ಇಷ್ಟು ದಿನ ಅದುಮಿ ಹಿಡಿದಿದ್ದವರು ಕೈ ಸಡಿಲಿಸಿದ ಹಾಗೆ. ಡಾಕ್ಟರು ಅದನ್ನು ನೋಡಿದರು. ಅವನು ನೋಡಿದ್ದನ್ನೂ ನೋಡಿದರು. ಆಮೇಲೆ ಚಿಕ್ಕ ಇಕ್ಕಳದಿಂದ ಎಡಗಡೆಯ ಹಿಂದಿನ ಮೊಳೆಯನ್ನು ಹಿಡಿದು ಸ್ವಲ್ಪ ತಿರುಗಿಸಿದರು. ತಿರುಗಿತು. ಮೂಳೆಯಲ್ಲಿ ಬೇರೂರಿದ ಮೊಳೆ ತಿರುಗುವ ಹಾಗಿಲ್ಲ.

"ಮೇಡಂ," ಅಂದರು ಡಾಕ್ಟರು, ಗ್ಲೌಸು ತೆಗೆಯುತ್ತ. "ದಿನಕ್ಕೆ ಎಷ್ಟು ಸಲ ಉಜ್ತೀರಿ?"

"ಮೂರು ಸಲ. ಈಗ ನಾಲ್ಕು." ಹಲ್ಲಿಲ್ಲದೆ ಅತ್ತಿಗೆಯ ಮಾತಿನಲ್ಲಿ ಗಾಳಿ ಸೇರಿಕೊಂಡಿತ್ತು.

"ಕಂಬಿಯ ಕೆಳಗೆ?"

"ಕೆಳಗೂ. ಆ ಸಣ್ಣ ಬ್ರಶ್ ಹಾಕಿ. ದಾರನೂ ಹಾಕ್ತೀನಿ."

"ಹಾಗಿದ್ರೆ ಹೀಗಾಗಬಾರದಲ್ಲ? ನಾನು ಮೊದಲೇ ಹೇಳಿದ್ದೆ, ಕಂಬಿ ಅಂದ್ರೆ ತೊಳೆಯೋ ಕೆಲಸ ಜಾಸ್ತಿ ಅಂತ. ಕಂಬಿ ಕೆಳಗೆ ಕೊಳೆ ನಿಂತ್ರೆ ಮೂಳೆ ಕರಗುತ್ತೆ. ಒಂದು ಹೋಯ್ತು. ಅದರ ಪಕ್ಕದ್ದೂ ನನಗೆ ಇಷ್ಟ ಆಗ್ತಿಲ್ಲ."

ಅತ್ತಿಗೆ ಡಾಕ್ಟರ ಮುಖವನ್ನು ಕೆಳಗಿನಿಂದ ನೋಡುತ್ತಿದ್ದಳು. ಐವತ್ತೆರಡು ವರ್ಷದ ಹೆಂಗಸು, ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು, ಕುರ್ಚಿಯಲ್ಲಿ ಇನ್ನಷ್ಟು ಕೆಳಗೆ ಸರಿದು, "ಇನ್ಮೇಲೆ ಸರಿಯಾಗಿ ಮಾಡ್ತೀನಿ ಸರ್," ಅಂದಳು. ಆಮೇಲೆ ಅವನ ಕಡೆ ತಿರುಗಿ, ನಗಲು ಹೋಗಿ, ಬಾಯಿ ನೆನಪಾಗಿ ಕೈ ಅಡ್ಡ ಹಿಡಿದಳು. "ಎಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದ ಇವನು. ನಾನೇ ಹಾಳುಮಾಡ್ಕೊಂಡೆ ನೋಡಿ."

ಆಗಲೇ ಹೇಳಬಹುದಿತ್ತು. ಮೂರೇ ಮಾತು. ಅವನು ಟ್ರೇಯಲ್ಲಿದ್ದ ಸೆಟ್ಟನ್ನು ಎತ್ತಿಕೊಂಡು, ಅದರಲ್ಲೇನೋ ನೋಡುವುದಿದೆ ಎಂಬಂತೆ ತಿರುಗಿಸುತ್ತ ನಿಂತ.

ಎಕ್ಸ್‌ರೇ ನೋಡುವ ಕೋಣೆ ಎಂದರೆ ಇಬ್ಬರು ನಿಂತರೆ ತುಂಬಿಹೋಗುವ ಒಂದು ಮೂಲೆ. ಡಾಕ್ಟರು ಬಾಗಿಲು ಎಳೆದುಕೊಂಡು ಪರದೆಯ ಮೇಲೆ ಚಿತ್ರ ತೆರೆದರು. ಎಡಗಡೆಯ ಮೊಳೆಯ ಸುತ್ತ, ಬಕೆಟ್ಟಿನಲ್ಲಿ ನಿಲ್ಲಿಸಿದ ಕೋಲಿನ ಸುತ್ತ ಇರುವ ಹಾಗೆ, ಕಪ್ಪು ಜಾಗ. ಅದರ ಪಕ್ಕದ್ದಕ್ಕೂ ಕತ್ತಿನ ಬಳಿ ನೆರಳು ಇಳಿಯತೊಡಗಿತ್ತು. ಬೂದು ಬಣ್ಣದ ಆ ಮೂಳೆಯೊಳಗೆ ಇನ್ನೂ ಏನೋ ನಡೆಯುತ್ತಲೇ ಇದೆ, ಈಗ, ತಾವು ನೋಡುತ್ತ ನಿಂತಿರುವಾಗಲೂ, ಎಂದು ಅವನಿಗೆ ಅನ್ನಿಸಿತು.

"ಸರ್, ಅತ್ತಿಗೆ ತಪ್ಪಲ್ಲ ಅದು," ಅಂದ. ತನ್ನ ಧ್ವನಿ ಇಷ್ಟು ಸಾಮಾನ್ಯವಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. "ಕಂಬಿ ಕೂತಿರಲಿಲ್ಲ. ಅಚ್ಚಿನ ಮೇಲೇ ಒಂದು ಕಡೆ ಏಳ್ತಿತ್ತು. ನಾನು ನೋಡಿದ್ದೆ."

ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕೊನೇ ಸ್ಕ್ರೂ ಬಿಗಿಯೋವಾಗ ನನ್ನ ಕೈಗೂ ಗೊತ್ತಾಗಿತ್ತು," ಅಂದರು. "ನಾನು ಬಿಗಿದೆ."

"ಹಾಗಾದ್ರೆ ಹೇಳಿಬಿಡೋಣ ಸರ್."

"ಏನಂತ?" ಈಗ ಡಾಕ್ಟರು ಅವನ ಕಡೆ ತಿರುಗಿದರು. ಕೋಪವಿರಲಿಲ್ಲ ಆ ಮುಖದಲ್ಲಿ. ಒಬ್ಬ ರೋಗಿಗೆ ನಿಧಾನವಾಗಿ ವಿವರಿಸುವಾಗ ಇರುವ ದಯೆ ಇತ್ತು, ಅದಕ್ಕಿಂತ ಕೋಪವೇ ವಾಸಿಯಿತ್ತು. "ನೋಡಿ, ನೀವು ಅವರ ಮನೇಲಿರೋರು. ನಾಳೆ ಬೆಳಗ್ಗೆ ಅದೇ ಮೇಜಿಗೆ ಹೋಗಿ ಕೂರಬೇಕು. ಕಾಯಿಲೆ ಅಂದ್ರೆ ಜನ ತಡ್ಕೋತಾರೆ. ಕಂಬಿ ಬೇಡ, ಉಳಿದ ಮೂರಕ್ಕೆ ಗುಂಡಿ ಹಾಕೋಣ. ಪಕ್ಕದ್ದೂ ಕೈಕೊಟ್ರೆ ಎರಡು ಮೊಳೆ ಸಾಕಾಗಲ್ಲ, ಆಗ ಮತ್ತೆ ಅಂಗುಳು ಮುಚ್ಚಬೇಕಾಗುತ್ತೆ. ಅದು ಆವತ್ತಿನ ಮಾತು. ಸುಮ್ಮನಿರಿ. ಅಳತೆ ತಗೊಳ್ಳೋಕೆ ರೆಡಿ ಮಾಡಿ, ಹತ್ತು ನಿಮಿಷ ಬಿಟ್ಟು ಬರ್ತೀನಿ."

ಅಂಗುಳು ಮುಚ್ಚುವುದು. ತೊಟ್ಟಿಯ ಮೇಲೆ ಬಗ್ಗಿದ ಆ ಬೆನ್ನು. ಕ್ಲಾಸಿನ ಬೋರ್ಡಿನ ಕಡೆಗೆ ತಿರುಗಿ ನಿಂತ ಬೆನ್ನು. ಅವನು ಲ್ಯಾಬಿಗೆ ಬಂದು ದವಡೆಯ ಅಚ್ಚು ತೆಗೆಯುವ ಅಳತೆಯ ತಟ್ಟೆಗಳನ್ನು ಹುಡುಕತೊಡಗಿದ. ಬೇಕಾದ ತಟ್ಟೆ ಕಣ್ಣೆದುರೇ ಇತ್ತು. ಆದರೂ ಡ್ರಾಯರುಗಳನ್ನು ಎಳೆದು ಎಳೆದು ಹಾಕಿದ. ಸುಮ್ಮನಿರಿ ಎಂದು ಇನ್ನೊಬ್ಬರು ಹೇಳಿದಾಗ ಆಗುವ ಹಗುರ ಎಷ್ಟು ಅಸಹ್ಯವಾದದ್ದು ಎಂದು ಅವನಿಗೆ ಗೊತ್ತಿರಲಿಲ್ಲ. ಅದು ಬಂದಿತ್ತು. ಭುಜಗಳ ಮೇಲೆ, ಬೆಚ್ಚಗೆ, ಒಂದು ಶಾಲಿನ ಹಾಗೆ ಬಂದು ಕೂತಿತ್ತು. ಅದನ್ನು ಹೊದ್ದುಕೊಂಡೇ ಇನ್ನು ಇಪ್ಪತ್ತು ವರ್ಷ ಬದುಕಬಹುದು.

ಬಾಗಿಲು ತಳ್ಳಿಕೊಂಡು ಅತ್ತಿಗೆ ಬಂದಳು. ಕರವಸ್ತ್ರ ಬಾಯಿಗೆ ಹಿಡಿದುಕೊಂಡಿದ್ದಳು. ಅವನ ಸ್ಟೂಲಿನ ಮೇಲೆ ಕೂತು, ಮೇಜಿನ ದೀಪವನ್ನು ತಾನೇ ತನ್ನ ಮುಖದ ಕಡೆ ತಿರುಗಿಸಿಕೊಂಡಳು.

"ಡಾಕ್ಟರ್ ಹೇಳಿದ್ದೇನೋ ಕೇಳ್ದೆ. ನೀನು ನೋಡು ಒಂದ್ಸಲ. ಎಲ್ಲಿ ಬಿಟ್ಟಿದೀನಿ, ಯಾವ ಮೂಲೇಲಿ ಬ್ರಶ್ ಹೋಗಿಲ್ಲ, ಬೆರಳಿಟ್ಟು ತೋರ್ಸು. ಇನ್ನೂ ಮೂರು ಉಳಿದಿವೆಯಂತಲ್ಲ. ಅವನ್ನಾದ್ರೂ ಉಳಿಸ್ಕೋತೀನಿ." ಆಮೇಲೆ ಸೇರಿಸಿದಳು. "ನಿಮ್ಮಣ್ಣನಿಗೆ ಹೇಳ್ಬೇಡ ಈಗಲೇ. ಬೇಜಾರು ಮಾಡ್ಕೋತಾರೆ, ಇಷ್ಟೆಲ್ಲ ಮಾಡ್ಸಿ ತೊಳೆಯೋಕೆ ಬರಲಿಲ್ವಾ ಅಂತ."

ಬಾಯಿ ತೆರೆದಳು. ಅವನು ಬಗ್ಗಿದ. ಪುಟ್ಟ ಕನ್ನಡಿಯನ್ನು ಒಳಗಿಟ್ಟು ಒಂದೊಂದನ್ನೂ ನೋಡಿದ. ಲೋಹದ ನಾಲ್ಕು ತಲೆಗಳೂ ತೊಳೆದಿಟ್ಟ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಎಲ್ಲಿಯೂ ಒಂದು ಎಳೆ ಕೊಳೆಯಿಲ್ಲ. ವಸಡಿನ ಮೇಲೆ ಮಾತ್ರ ಸಣ್ಣ ಸಣ್ಣ ಕೆಂಪು ಗೀರುಗಳಿದ್ದವು, ಹತ್ತಾರು, ಕೆಲವು ಹಳೆಯವು, ಕೆಲವು ಬೆಳಗಿನವು. ಉಜ್ಜಿ ಉಜ್ಜಿ ಮಾಡಿಕೊಂಡ ಗಾಯಗಳು. ಮೂರು ವಾರದಿಂದ ಆ ಸದ್ದು ಅವಳಿಗೂ ಕೇಳಿಸಿತ್ತು. ಕೇಳಿಸಿದಾಗಲೆಲ್ಲ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಇದನ್ನು ಮಾಡಿದ್ದಳು.

ಕನ್ನಡಿಯನ್ನು ಹೊರಗೆ ತೆಗೆದ.

"ಚೆನ್ನಾಗಿ ತೊಳೆದಿದೀರ ಅತ್ತಿಗೆ. ಎಲ್ಲೂ ಬಿಟ್ಟಿಲ್ಲ."

ಅತ್ತಿಗೆಯ ಮುಖ ಒಮ್ಮೆ ಅರಳಿತು. ನೂರಕ್ಕೆ ನೂರು ಬಂದ ಮಗುವಿನ ಹಾಗೆ, ಒಂದೇ ಕ್ಷಣ. ಆಮೇಲೆ ಹುಬ್ಬುಗಳ ನಡುವೆ ಗೆರೆ ಮೂಡಿತು. ಲೆಕ್ಕದಲ್ಲಿ ಒಂದು ಹೆಜ್ಜೆ ತಪ್ಪಿದೆ ಎಂದು ಗೊತ್ತಾದಾಗ ಮೂಡುತ್ತಿದ್ದ ಗೆರೆ.

"ಹಾಗಾದ್ರೆ?"

ಹೊರಗೆ ಡಾಕ್ಟರು ಯಾರ ಹತ್ತಿರವೋ ಮಾತಾಡುತ್ತಿದ್ದರು. ಶಾಲಿನ ಬಿಸುಪು ಇನ್ನೂ ಹೆಗಲ ಮೇಲಿತ್ತು.

"ನಾನು ಸರಿಯಾಗಿ ಕೂರಿಸಿರಲಿಲ್ಲ," ಅಂದ. "ಕಂಬಿ ಒಂದು ಕಡೆ ಏಳ್ತಿತ್ತು. ಹಾಗೇ ಕೊಟ್ಟೆ."

"ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು."

"ಯಾವತ್ತಿಂದ?"

"ಕೊಟ್ಟ ದಿನದಿಂದ."

ಅತ್ತಿಗೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣುಗಳು ಅವನ ಮುಖ ಬಿಟ್ಟು ಕಪಾಟಿನ ಕಡೆ ಹೋದವು, ಆ ಪ್ಲಾಸ್ಟರಿನ ದವಡೆಗಳ ಸಾಲಿನ ಉದ್ದಕ್ಕೂ ಹೋಗಿ ಮತ್ತೆ ಬಂದವು. ಹದಿನಾಲ್ಕು ತಿಂಗಳ ಊಟಗಳನ್ನು ಅವಳು ಒಂದೊಂದಾಗಿ ಹಿಂದಕ್ಕೆ ಎಣಿಸುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಪ್ರತಿಯೊಂದರಲ್ಲೂ ಎದುರಿಗೆ ಕೂತು, ಅವಳ ಬಾಯಿ ನೋಡುತ್ತ, ಸುಮ್ಮನೆ ಉಣ್ಣುತ್ತಿದ್ದ ಅವನನ್ನು.

"ಬೇಕಂತ ಮಾಡಿದ್ಯಾ?"

ಈ ಪ್ರಶ್ನೆಗೆ ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಇಲ್ಲ ಅತ್ತಿಗೆ, ಛೆ, ಏನು ಮಾತು ಅಂತ ಆಡ್ತೀರಿ. ಅವಳೂ ಅದನ್ನೇ ಕಾಯುತ್ತಿದ್ದಳು. ಅದಕ್ಕಾಗಿ ಮುಖವನ್ನು ಸಿದ್ಧಮಾಡಿಕೊಂಡಿದ್ದಳು. ಅಷ್ಟು ಹೇಳಿದ್ದರೆ ಅತ್ತು, ಬೈದು, ಬಹುಶಃ ಒಂದು ಏಟು ಕೊಟ್ಟು, ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ಅವನು ತನ್ನ ಕೈಗಳನ್ನು ನೋಡಿಕೊಂಡ. ಉಗುರುಗಳ ಸಂದಿಯಲ್ಲಿ ಬಿಳಿ ಪುಡಿ.

"ಗೊತ್ತಿಲ್ಲ," ಅಂದ.

ಬಾಗಿಲ ಬಳಿ ಡಾಕ್ಟರ ತಲೆ ಕಾಣಿಸಿತು. "ರೆಡಿನಾ? ಬನ್ನಿ ಮೇಡಂ, ಅಳತೆ ಒಂದು ತಗೊಂಡುಬಿಡೋಣ. ನಾಲ್ಕೂವರೆಗೆ ಇನ್ನೊಬ್ರಿದಾರೆ." ಇಬ್ಬರ ಮುಖವನ್ನೂ ಒಮ್ಮೆ ನೋಡಿ ಹೊರಟುಹೋದರು.

ಅತ್ತಿಗೆ ಎದ್ದಳು. ಮನೆಗೆ ಹೊರಟಳು ಎಂದುಕೊಂಡ. ಹೋಗಲಿ ಎಂದು ಆಸೆಪಟ್ಟ. ಅವಳು ಕ್ಲಿನಿಕ್ಕಿನ ಕಡೆ ನಡೆದು, ಕುರ್ಚಿಯಲ್ಲಿ ಕೂತು, ಬ್ಯಾಗನ್ನು ಕೆಳಗಿಟ್ಟು, ತಲೆಯನ್ನು ಹಿಂದಕ್ಕೆ ಚಾಚಿದಳು. ಹಲ್ಲು ಬೇಕಿತ್ತು ಅವಳಿಗೆ. ನಾಡಿದ್ದಿನಿಂದ ಪರೀಕ್ಷೆ ಶುರು, ಮೌಖಿಕ ಪ್ರಶ್ನೆ ಅವಳೇ ಕೇಳಬೇಕು.

ಅವಳಿಗೆ ಅಳತೆ ತೆಗೆಯುವಾಗ ತಟ್ಟೆ ಹಿಡಿದುಕೊಳ್ಳುವುದು ಯಾವಾಗಲೂ ಅವನೇ. ಡಾಕ್ಟರ ಕೈ ಒಳಗೆ ಹೋದರೆ ಓಕರಿಕೆ ತಡೆಯುತ್ತಿರಲಿಲ್ಲ. ಅವನ ಕೈ ಆದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಡಾಕ್ಟರು ಈಗಲೂ ಅಭ್ಯಾಸದ ಹಾಗೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಬಟ್ಟಲಿನಲ್ಲಿ ಅಚ್ಚಿನ ಪುಡಿಗೆ ನೀರು ಹಾಕಿ ಕಲಸಿದ. ಒಮ್ಮೆ ನೀರು ಬಿದ್ದರೆ ಕಾಯುವ ಹಾಗಿಲ್ಲ, ಅದು ಗಟ್ಟಿಯಾಗುತ್ತ ಹೋಗುತ್ತದೆ. ತಟ್ಟೆಗೆ ತುಂಬಿದ. ತಣ್ಣನೆಯ, ಗುಲಾಬಿ ಬಣ್ಣದ, ಮೆದುವಾದ ಮುದ್ದೆ.

"ಬಾಯಿ ತೆಗೀರಿ ಅತ್ತಿಗೆ."

ತೆಗೆದಳು. ಹಿಂದೆಲ್ಲ ಈ ಹೊತ್ತಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕುರ್ಚಿಯ ಕೈ ಹಿಡಿದುಕೊಂಡು, ಬೇಗ ಬೇಗ ಎಂದು ಮೂಗಿನಲ್ಲೇ ಗುನುಗುತ್ತಿದ್ದಳು. ಅವನು ತಟ್ಟೆಯನ್ನು ಒಳಗೆ ಹಾಕಿ, ಅಂಗುಳಿಗೆ ಒತ್ತಿ, ಎರಡು ಬೆರಳಿನಲ್ಲಿ ಅದುಮಿ ಹಿಡಿದ. ಅವಳ ಗಂಟಲು ಒಮ್ಮೆ ಎದ್ದು ಇಳಿಯಿತು. ಮತ್ತೆ ಎದ್ದಿತು. ಇಡೀ ಮೈ ಕುರ್ಚಿಯಿಂದ ಅರ್ಧ ಮೇಲೆ ಬಂದು ಬಿತ್ತು. ಕೈಗಳು ಮಾತ್ರ ತೊಡೆಯ ಮೇಲೆ ಒಂದರ ಮೇಲೊಂದು ಹಾಗೇ ಇದ್ದವು.

"ಮೂಗಲ್ಲಿ ಉಸಿರಾಡಿ," ಅಂದ. "ಆಯ್ತು, ಆಗೋಯ್ತು."

ಕಣ್ಣಿನ ಕೊನೆಗಳಿಂದ ನೀರು ಇಳಿದು ಕಿವಿಗಳ ಒಳಗೆ ಹೋಗುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಅವನ ಮುಖದಿಂದ ಒಂದು ಗೇಣು ಕೆಳಗೆ, ರೆಪ್ಪೆ ಬಡಿಯದೆ, ಅವನನ್ನೇ ನೋಡುತ್ತಿದ್ದಳು. ಗೋಡೆಯ ಗಡಿಯಾರ ಅವನ ಬೆನ್ನ ಹಿಂದಿತ್ತು. ತಿರುಗಿ ನೋಡುವ ಹಾಗಿರಲಿಲ್ಲ. ಮುದ್ದೆ ಇನ್ನೂ ಬೆರಳಿನ ಕೆಳಗೆ ಮೆತ್ತಗಿತ್ತು. ಅದು ಗಟ್ಟಿಯಾಗಲು ಇನ್ನೂ ಎರಡು ನಿಮಿಷ ಬೇಕಿತ್ತು.